ಯಾರ ಮನೆ ಹುಡುಗ?

ನಮ್ಮ ಮಾಸ್ತಿಯಲ್ಲಿ ಯಾರಿಗೂ ತಮ್ಮ ಪರಿಚಯವನ್ನು ತಾವೇ ಹೇಳಿಕೊಳ್ಳುವ ಕಷ್ಟ ಬರುವುದಿಲ್ಲ. ಮಾಲೂರಿನ ಬಸ್ಸು ಬಂದು ನಿಂತು, ಅದರಿಂದ ಒಂದು ಎಳೆಯ ಮುಖ ಇಳಿದರೆ ಸಾಕು. ಟೀ ಅಂಗಡಿಯ ಬೆಂಚಿನ ಮೇಲೆ ಕೂತವರು ಉಳಿದದ್ದನ್ನೆಲ್ಲ ನೋಡಿಕೊಳ್ಳುತ್ತಾರೆ. “ಯಾರ ಮನೆ ಹುಡುಗ?” ಎಂದು ಒಬ್ಬರು ಕೇಳುತ್ತಾರೆ. ಹುಡುಗ ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ಉತ್ತರ ಕೊಟ್ಟಿರುತ್ತಾರೆ. ಮೂಗು ನೋಡಿ ಅಪ್ಪನನ್ನೂ ನಡಿಗೆ ನೋಡಿ ತಾತನನ್ನೂ ಗುರುತು ಹಿಡಿಯುವ ತಜ್ಞರು ಅಲ್ಲಿದ್ದಾರೆ. ಮೂರನೆಯವರು ಆ ಮನೆಯ ಜಮೀನು ಎಷ್ಟು, ಬೋರು ಬತ್ತಿದ್ದು ಯಾವಾಗ, ಅಣ್ಣತಮ್ಮಂದಿರು ಬೇರೆಯಾದದ್ದು ಯಾವ ಹಲಸಿನ ಮರದ ದೆಸೆಯಿಂದ ಎಂಬುದನ್ನು ಸೇರಿಸುತ್ತಾರೆ. ಹುಡುಗ ತನ್ನ ಬಗ್ಗೆ ತನಗೇ ಗೊತ್ತಿಲ್ಲದ ಎಷ್ಟೋ ವಿಷಯಗಳನ್ನು ತಿಳಿದುಕೊಂಡು ಮನೆ ಸೇರುತ್ತಾನೆ.

ಹೆಸರಿಡುವ ಕೆಲಸವನ್ನೂ ಊರೇ ವಹಿಸಿಕೊಂಡಿದೆ. ಮಾಲೂರಿನ ಹೆಂಚಿನ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುತ್ತಿದ್ದವರು ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ‘ರೈಟರ್ ಮಾವ’ನೇ. ದುಬೈಗೆ ಹೋಗಿ, ಸೆಕೆ ತಡೆಯಲಾರದೆ ಬೇಸಿಗೆ ಮುಗಿಯುವ ಮೊದಲೇ ವಾಪಸು ಬಂದವನು ಇವತ್ತಿಗೂ ‘ದುಬೈ ಅಣ್ಣ’. ಅವನ ಹಸು ದುಬೈ ಅಣ್ಣನ ಹಸು, ಅದರ ಕರು ದುಬೈ ಕರು. ಯಾವ ಕೆಲಸ ಹೇಳಿದರೂ “ಆಗ್ತದೆ ಬಿಡಣ್ಣಾ” ಎಂದು ಯಾವುದನ್ನೂ ಆಗಗೊಡದ ಮಹನೀಯರೊಬ್ಬರಿಗೆ ಆ ಮಾತೇ ಹೆಸರಾಗಿ, ಅವರ ಮಗಳ ಮದುವೆಯ ಉಡುಗೊರೆ ಬರೆದುಕೊಳ್ಳುವ ಪುಸ್ತಕದಲ್ಲೂ ಯಾರೋ ಹಾಗೆಯೇ ಬರೆದರಂತೆ. ಇವರಲ್ಲಿ ಯಾರೂ ಈ ಹೆಸರುಗಳಿಗೆ ಅರ್ಜಿ ಹಾಕಿದವರಲ್ಲ.

ಇಂಥ ಊರಿನಲ್ಲಿ ಹುಟ್ಟಿದ ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಒಂದು ಪಿ.ಜಿ.ಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದ. ಗೌರಿ ಹಬ್ಬಕ್ಕೆ ಊರಿಗೆ ಬಂದವನು ಊಟಕ್ಕೆ ಕೂತಾಗ, ಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದುತ್ತಾ ಹೇಳಿದ: “ಮಾಮ, ಈಗ ಡಿಗ್ರಿ, ಮಾರ್ಕ್ಸು ಎಲ್ಲಾ ಯಾರೂ ಕೇಳಲ್ಲ. ಮೊದಲು ಪರ್ಸನಲ್ ಬ್ರಾಂಡ್ ಕಟ್ಟಬೇಕು.”

ಬಡಿಸುತ್ತಿದ್ದ ನಮ್ಮಮ್ಮನ ಕೈ ನಿಂತಿತು. ಅವಳಿಗೆ ಗೊತ್ತಿದ್ದ ಬ್ರಾಂಡು ಬಾಟಲಿಯ ಮೇಲಿನದು ಒಂದೇ. “ಯಾವಾಗಿಂದ್ಲೋ ಇದು? ನಿನ್ನ ಓದಿಸಿದ್ದು ಇದಕ್ಕೇನಾ?” ಎಂದಳು. ಹುಡುಗ ಎಷ್ಟು ವಿವರಿಸಿದರೂ ಅವಳ ಅನುಮಾನ ಪೂರ್ತಿ ಹೋಗಲಿಲ್ಲ. ರಾತ್ರಿ ಅವನ ಬ್ಯಾಗನ್ನು ಒಮ್ಮೆ ತಡವಿ ನೋಡಿಯೇ ಮಲಗಿದಳು. ಹಾಗೆ ನೋಡಿದರೆ ಮಾಸ್ತಿಗೆ ಆ ಅರ್ಥದ ಬ್ರಾಂಡೂ ಹೊರಗಿನದಲ್ಲ. ನಮ್ಮೂರ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದಲ್ಲಿ ಅಬ್ಕಾರಿ ಕಮಿಷನರ್ ಆಗಿದ್ದವರು. ಸಂಸ್ಥಾನದ ಬ್ರಾಂಡುಗಳ ಲೆಕ್ಕವೆಲ್ಲ ಅವರ ಮೇಜಿನ ಮೇಲೆಯೇ ಇದ್ದಿರಬೇಕು. ತಮ್ಮದೊಂದು ಬ್ರಾಂಡು ಕಟ್ಟಿಕೊಳ್ಳಬೇಕೆಂದು ಮಾತ್ರ ಅವರಿಗೆ ಹೊಳೆದಂತೆ ಕಾಣುವುದಿಲ್ಲ. ಕತೆ ಬರೆದರೆ ಕೆಳಗೆ ‘ಶ್ರೀನಿವಾಸ’ ಎಂದು ಹಾಕಿ ತಾವು ಹಿಂದೆ ಸರಿದು ನಿಂತರು.

ಹಬ್ಬದ ಮರುದಿನ ಹುಡುಗ ತನ್ನ ಲಿಂಕ್ಡ್‌ಇನ್ ಪುಟವನ್ನು ನನ್ನ ಮುಂದೆ ಹಿಡಿದ. ನಾನು ಕನ್ನಡಕ ಹಾಕಿಕೊಂಡು ಓದಿದೆ. ಫೋಟೊ ಅವನದೇ. ಆದರೆ ಕೈ ಕಟ್ಟಿಕೊಂಡು ಓರೆಯಾಗಿ ನಿಂತ ಭಂಗಿ, ಬಾಡಿಗೆಯದೋ ಗೆಳೆಯನದೋ ಆದ ಕೋಟು. ಹೆಸರಿನ ಕೆಳಗೆ ‘ಪ್ಯಾಷನೇಟ್ ಪ್ರಾಬ್ಲಂ ಸಾಲ್ವರ್’ ಎಂದಿತ್ತು. ಹಿಂದಿನ ದಿನವಷ್ಟೇ ಮನೆಯ ಮಿಕ್ಸಿ ಕೆಟ್ಟು, ಹಬ್ಬದ ಅಡುಗೆಗೆ ನಮ್ಮಕ್ಕ ಒರಳಲ್ಲಿ ರುಬ್ಬಿದ್ದಳು. ಪ್ರಾಬ್ಲಂ ಸಾಲ್ವರ್ ಪಕ್ಕದಲ್ಲೇ ಫೋನು ನೋಡುತ್ತಾ ಕೂತಿದ್ದ. ‘ಟೀಮ್ ಪ್ಲೇಯರ್’ ಎಂದಿತ್ತು. ಇವನು ಸ್ಕೂಲಿನ ಬಯಲಲ್ಲಿ ಕ್ರಿಕೆಟ್ ಆಡುವಾಗ ತನ್ನ ಬ್ಯಾಟಿಂಗ್ ಮುಗಿದ ಕೂಡಲೇ ಬ್ಯಾಟು ತನ್ನದೆಂದು ಎತ್ತಿಕೊಂಡು ಮನೆಗೆ ಬರುತ್ತಿದ್ದುದಕ್ಕೆ ಬೀದಿಯೆಲ್ಲ ಸಾಕ್ಷಿ. ‘ಲೀಡರ್‌ಶಿಪ್’ ಎಂಬ ತಲೆಬರಹದ ಕೆಳಗೆ, ಯುವಜನರ ತಂಡವೊಂದನ್ನು ಮುನ್ನಡೆಸಿ ಸಮುದಾಯದಿಂದ ನಿಧಿ ಸಂಗ್ರಹಿಸಿದ ಸಾಧನೆ ಇತ್ತು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಗಣಪತಿ ಚಂದಾ.

ನಗು ಬಂತು, ನಿಜ. ಆದರೆ ಓದುತ್ತಾ ಹೋದಂತೆ ಮನಸ್ಸಿಗೆ ಏನೋ ಪಿಚ್ಚೆನ್ನಿಸಿತು. ಅಲ್ಲಿ ಇದ್ದದ್ದಕ್ಕಿಂತ ಇಲ್ಲದ್ದು ಹೆಚ್ಚು. ಅವನು ಹೈಸ್ಕೂಲಿನಿಂದ ಪಿ.ಯು. ಮುಗಿಯುವವರೆಗೆ ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಸೆಕ್ರೆಟರಿಗೆ ಬಿಡುವಿಲ್ಲದಾಗ ಎಲ್ಲರ ಹಾಲಿನ ಲೆಕ್ಕವನ್ನೂ ತಾನೇ ಬರೆದುಕೊಡುತ್ತಿದ್ದ. ಒಂದು ಪೈಸೆಯ ತಕರಾರು ಬಂದದ್ದಿಲ್ಲ. ಅದು ಪುಟದಲ್ಲಿರಲಿಲ್ಲ. ರಾತ್ರಿ ಹೊತ್ತಿನಲ್ಲಿ ಕರೆಂಟು ಬಂದರೆ ಮೋಟಾರು ಹಾಕಲು ಅವರಪ್ಪ ಹೊಲಕ್ಕೆ ಓಡಬೇಕಾಗುತ್ತಿತ್ತು. ಇವನು ಸ್ಟಾರ್ಟರಿಗೆ ಮೊಬೈಲ್ ಸಾಧನ ಕೂರಿಸಿ, ಮಲಗಿದಲ್ಲಿಂದಲೇ ಫೋನು ಮಾಡಿ ಮೋಟಾರು ಶುರು ಮಾಡುವಂತೆ ಮಾಡಿದ್ದ. ಅಕ್ಕಪಕ್ಕದ ತೋಟದವರೂ ಇವನಿಂದಲೇ ಕೂರಿಸಿಕೊಂಡರು. ಅದೂ ಇರಲಿಲ್ಲ. ಕೊನೆಗೆ ಊರೂ ಇರಲಿಲ್ಲ. ಸ್ಥಳ ಎಂದಿದ್ದ ಕಡೆ ‘ಗ್ರೇಟರ್ ಬೆಂಗಳೂರು ಏರಿಯಾ’ ಎಂದಿತ್ತು.

“ಮಾಸ್ತಿ ಅಂತ ಯಾಕೆ ಹಾಕಿಲ್ಲ?” ಎಂದೆ.

“ಹಳ್ಳಿ ಅಂದ್ರೆ ಪ್ರೊಫೈಲ್ ಓಪನ್ನೇ ಮಾಡಲ್ಲ ಮಾಮ.”

ಇವನಿಗೆ ಮಾಸ್ತಿಯವರ ‘ರಂಗನ ಮದುವೆ’ ಕತೆ ಪಾಠವಾಗಿದ್ದುದು ನೆನಪಾಯಿತು. ಅದರಲ್ಲಿ ಕತೆ ಹೇಳುವ ಶ್ಯಾಮ ಹೊಸಹಳ್ಳಿಯ ಹೆಸರು ಭೂಪಟದಲ್ಲಿಲ್ಲವೆಂದು ಮೊದಲಿಗೇ ತಗಾದೆ ತೆಗೆಯುತ್ತಾನೆ. ಇಂಗ್ಲೆಂಡಿನ ಸಾಹೇಬರಿಗೆ ಗೊತ್ತಿಲ್ಲದಿದ್ದರೆ ಹೋಗಲಿ, ನಮ್ಮವರೇ ಬಿಟ್ಟರಲ್ಲ ಎಂದು ಅವನ ದುಃಖ. ತನ್ನೂರಿನ ಮಾವಿನಕಾಯಿಯ ಹುಳಿಯನ್ನು ಕೂಡ ಅವನು ಹೆಮ್ಮೆಯಿಂದ ವರ್ಣಿಸಬಲ್ಲ. ಆ ಕತೆಯನ್ನು ಓದಿ ಪಾಸಾದ ನಮ್ಮ ಹುಡುಗ ತನ್ನೂರನ್ನು ತಾನೇ ಭೂಪಟದಿಂದ ಅಳಿಸಿ ಕೂತಿದ್ದ.

ಈ ಬ್ರಾಂಡ್ ಕಟ್ಟುವ ವಿದ್ಯೆಯ ಮೂಲವೇನೆಂದು ನಾನೂ ಒಂದಿಷ್ಟು ಓದಿಕೊಂಡೆ. 1997ರಲ್ಲಿ ಟಾಮ್ ಪೀಟರ್ಸ್ ಎಂಬ ಅಮೆರಿಕದ ಲೇಖಕ ‘ಫಾಸ್ಟ್ ಕಂಪನಿ’ ಎಂಬ ಪತ್ರಿಕೆಯಲ್ಲಿ, ಇನ್ನು ಮುಂದೆ ಪ್ರತಿಯೊಬ್ಬನೂ ತಾನೇ ಒಂದು ಕಂಪನಿ, ತಾನೇ ಅದರ ಮುಖ್ಯಸ್ಥ, ತಾನೇ ಅದರ ಸರಕು ಎಂಬ ಧಾಟಿಯಲ್ಲಿ ಒಂದು ಲೇಖನ ಬರೆದ. 2003ರಲ್ಲಿ ಲಿಂಕ್ಡ್‌ಇನ್ ಶುರುವಾಗಿ ಆ ಸರಕಿಗೆ ಸಂತೆಯೂ ಸಿಕ್ಕಿತು. ಪದ್ಧತಿ ಮಾತ್ರ ಅದಕ್ಕಿಂತ ಬಹಳ ಹಳೆಯದು. 1482ರ ಸುಮಾರಿನಲ್ಲಿ ಲಿಯೊನಾರ್ಡೊ ಡಾ ವಿಂಚಿ ಮಿಲಾನಿನ ಲುಡೊವಿಕೊ ಸ್ಫೋರ್ಜಾ ಎಂಬ ದೊರೆಗೆ ಕೆಲಸ ಕೇಳಿ ಕಾಗದ ಸಿದ್ಧಮಾಡಿದ. ಹಗುರವಾದ ಸೇತುವೆ ಕಟ್ಟಬಲ್ಲೆ, ಕೋಟೆ ಒಡೆಯಬಲ್ಲೆ, ಫಿರಂಗಿ ಮಾಡಬಲ್ಲೆ ಎಂದು ಪಟ್ಟಿ ಬೆಳೆಸುತ್ತಾ ಹೋಗಿ, ಚಿತ್ರವನ್ನೂ ಬರೆಯಬಲ್ಲೆ ಎಂಬುದನ್ನು ಕೊನೆಗೆ ಸೇರಿಸಿದ್ದಾನೆ. ದೊರೆಗೆ ಆಗ ಬೇಕಾಗಿದ್ದುದು ಯುದ್ಧದ ಸಾಮಾನು. ಕೇಳುವವನಿಗೆ ಏನು ಬೇಕೋ ಅದನ್ನು ಮೇಲೆ ಬರೆಯಬೇಕೆಂಬುದು ಲಿಯೊನಾರ್ಡೊಗೂ ಗೊತ್ತಿತ್ತು. ನಮ್ಮ ಹುಡುಗನ ಪರವಾಗಿ ನಾನು ಇಷ್ಟನ್ನು ಒಪ್ಪಬೇಕು.

ಮಾಸ್ತಿಯವರು ಇಂಥ ಕಾಗದ ಬರೆದಿದ್ದರೆ ಹೇಗಿರುತ್ತಿತ್ತು? 1891ರಲ್ಲಿ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಜನನ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಎಂ.ಎ., ಚಿನ್ನದ ಪದಕ. ಮೈಸೂರು ಸಿವಿಲ್ ಸರ್ವಿಸ್. ಊರೂರಿಗೆ ವರ್ಗ. ಮನೆಮಾತು ತಮಿಳು, ಓದಿದ್ದು ಇಂಗ್ಲಿಷ್, ಬರೆದದ್ದು ಕನ್ನಡ. ಇವತ್ತಿನ ಕೋಚಿಂಗ್ ಹುಡುಗರು ಇದನ್ನು ನೋಡಿದರೆ ‘ಫೋಕಸ್ ಇಲ್ಲ ಸಾರ್’ ಎಂದಾರು. 1920ರಲ್ಲಿ ಬಂದ ಅವರ ಮೊದಲ ಸಂಗ್ರಹಕ್ಕೆ ಇಟ್ಟ ಹೆಸರು ನೋಡಿ: ‘ಕೆಲವು ಸಣ್ಣ ಕತೆಗಳು’. ಆಧುನಿಕ ಕನ್ನಡ ಸಣ್ಣಕತೆಗೆ ದಾರಿ ಹಾಕಿಕೊಟ್ಟ ಪುಸ್ತಕದ ಮುಖಪುಟದ ಮೇಲೆ, ಒಳಗೇನಿದೆಯೆಂದು ಡಬ್ಬಿಯ ಮೇಲೆ ಚೀಟಿ ಅಂಟಿಸಿದಷ್ಟೇ ಮಾತು. ಕೆಲಸದಲ್ಲೂ ಅವರಿಗೆ ಎಲ್ಲ ಸುಸೂತ್ರವಾಗಲಿಲ್ಲ. ತಮಗೆ ಸಲ್ಲಬೇಕಾದ ಮೇಲಿನ ಸ್ಥಾನ ಕಿರಿಯರೊಬ್ಬರಿಗೆ ಹೋದಾಗ 1943ರಲ್ಲಿ ರಾಜೀನಾಮೆ ಕೊಟ್ಟು ಬಂದರು. ಅದಾಗಿ ನಲವತ್ತು ವರ್ಷಕ್ಕೆ, 1983ರ ಜ್ಞಾನಪೀಠ ‘ಚಿಕವೀರ ರಾಜೇಂದ್ರ’ ಬರೆದ ಅವರಿಗೆ ಬಂತು. ‘ಮಾಸ್ತಿ ಕನ್ನಡದ ಆಸ್ತಿ’ ಎಂದು ಜನವೇ ಹೇಳಿದರು. ಅಷ್ಟು ಒಳ್ಳೆಯ ಪ್ರಾಸವನ್ನು ಯಾವ ಜಾಹೀರಾತು ಕಂಪನಿಯೂ ಅವರಿಗೆ ಹೊಸೆದುಕೊಡಲಿಲ್ಲ.

ಆ ಆಸ್ತಿಯ ಬಡ್ಡಿಯನ್ನು ನಮ್ಮೂರಿನವರೆಲ್ಲ ತಿಂದಿದ್ದೇವೆ. ಬೆಂಗಳೂರಿನ ಒಂದು ಕಚೇರಿಯಲ್ಲಿ ಹಿಂದೆ ನನ್ನದೊಂದು ಫೈಲು ಸಿಕ್ಕಿಕೊಂಡಿತ್ತು. ಹೋದಾಗಲೆಲ್ಲ ಬಾಗಿಲ ಬಳಿ ನಿಲ್ಲಿಸುತ್ತಿದ್ದರು. ಒಂದು ದಿನ ಅಧಿಕಾರಿ ಊರು ಯಾವುದೆಂದು ಕೇಳಿದರು. ಮಾಸ್ತಿ ಎಂದೆ. “ಓಹೋ, ಮಾಸ್ತಿಯವರ ಊರೇ!” ಎಂದು ಕುರ್ಚಿ ತರಿಸಿದರು, ಕಾಫಿ ಕೊಡಿಸಿದರು, ಮಾಸ್ತಿಯವರ ‘ಸುಬ್ಬಣ್ಣ’ ಕತೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಫೈಲು ಇದ್ದಲ್ಲೇ ಇತ್ತು. ಆದರೂ ಕೂತು ಕಾಯುವುದಕ್ಕೂ ನಿಂತು ಕಾಯುವುದಕ್ಕೂ ವ್ಯತ್ಯಾಸವಿದೆಯಷ್ಟೆ.

ಕೆಲಸ ಕೇಳುವ ಕಾಗದದ ಮಟ್ಟಿಗೆ ಕೋಲಾರ ಸೀಮೆಯ ಇನ್ನೊಬ್ಬರ ವಿಷಯ ಮಾಸ್ತಿಯವರದಕ್ಕಿಂತ ಕಷ್ಟದ್ದು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ರೆಸ್ಯೂಮೆಯನ್ನು ಊಹಿಸಿಕೊಳ್ಳಿ. ಶಿಕ್ಷಣ: ಮೆಟ್ರಿಕ್ಯುಲೇಷನ್, ಪಾಸಾಗಿಲ್ಲ. ಅನುಭವ: ಕೋಲಾರ ಚಿನ್ನದ ಗಣಿಯ ಹತ್ತಿರ ಸೋಡಾ ಕಾರ್ಖಾನೆ, ಆಮೇಲೆ ಬೆಂಗಳೂರಿನಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಹಾಕುವ ಅಂಗಡಿ. ಈಗಿನ ಕಂಪನಿಗಳಲ್ಲಿ ಅರ್ಜಿಗಳನ್ನು ಮೊದಲು ಓದುವುದು ಮನುಷ್ಯರಲ್ಲ, ಒಂದು ಸಾಫ್ಟ್‌ವೇರ್ ಎನ್ನುತ್ತಾನೆ ನಮ್ಮ ಹುಡುಗ. ತನಗೆ ಹೇಳಿಕೊಟ್ಟ ಪದಗಳು ಕಾಣಿಸದಿದ್ದರೆ ಅದು ಅರ್ಜಿಯನ್ನು ಪಕ್ಕಕ್ಕೆ ಸರಿಸುತ್ತದಂತೆ. ಸೋಡಾ ಮತ್ತು ಜಟಕಾ ಎರಡೇ ಪದಗಳಿರುವ ಈ ಅರ್ಜಿ ಎಲ್ಲಿಗೆ ಹೋಗುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಅವರು ಪತ್ರಿಕೆಗಳಿಗೆ ಬರೆದರು, ಪತ್ರಿಕೆ ನಡೆಸಿದರು, ಸಂಸ್ಕೃತವನ್ನೂ ರಾಜ್ಯಶಾಸ್ತ್ರವನ್ನೂ ಸ್ವಂತವಾಗಿ ಓದಿಕೊಂಡರು, 1943ರಲ್ಲಿ ‘ಮಂಕುತಿಮ್ಮನ ಕಗ್ಗ’ ಕೊಟ್ಟರು. ಮೆಟ್ರಿಕ್ ದಾಟದವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಡಾಕ್ಟರೇಟ್ ಕೊಟ್ಟಿತು. ತಾವು ಮಾಡಿದ ಕೆಲಸಕ್ಕೆಂದು ಸರ್ಕಾರದಿಂದ ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಸಿಕೊಳ್ಳದೆ ಇಟ್ಟಿದ್ದರೆಂಬ ಮಾತನ್ನು ನಮ್ಮ ಕಡೆ ಮಕ್ಕಳಿಗೆ ಈಗಲೂ ಹೇಳುತ್ತೇವೆ. ಮಕ್ಕಳು ನಂಬುವುದಿಲ್ಲ. ಚೆಕ್ಕು ಎಂದರೇನೆಂದೂ ಅವರಿಗೆ ಗೊತ್ತಿಲ್ಲ.

ಇಷ್ಟನ್ನೂ ನಾನು ಹುಡುಗನಿಗೆ ಉತ್ಸಾಹದಿಂದ ಹೇಳಿದೆ. ಅವನು ಸಮಾಧಾನವಾಗಿ ಕೇಳಿ, ಒಂದೇ ಮಾತು ಹೇಳಿದ: “ಸರಿ ಮಾಮ. ಆದ್ರೆ ಪಿ.ಜಿ. ಬಾಡಿಗೆ ಒಂದನೇ ತಾರೀಕೇ ಕಟ್ಟಬೇಕು. ನಲವತ್ತು ವರ್ಷ ಕಾಯಕ್ಕಾಗಲ್ಲ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ದೊಡ್ಡವರ ಉದಾಹರಣೆಗಳಲ್ಲಿ ಇದೊಂದು ತೊಂದರೆ. ಅವರು ಗೆದ್ದ ಮೇಲೆ ನಮಗೆ ಕಾಣಿಸುತ್ತಾರೆ. ಸೋಡಾ ಕಾರ್ಖಾನೆಗೆ ಹೋದ ಮುಳಬಾಗಿಲಿನ ಹುಡುಗರು ಇನ್ನೆಷ್ಟು ಜನವೋ. ಗುಂಡಪ್ಪನವರು ಹೊರಗೆ ಬಂದರು, ಉಳಿದವರು ಸೋಡಾ ತುಂಬುತ್ತಲೇ ಉಳಿದಿರಬಹುದು.

ಆ ಸೋಡಾ ಕಾರ್ಖಾನೆಯಿದ್ದ ಚಿನ್ನದ ಗಣಿಯ ಊರನ್ನೇ ನೋಡಿ. ಅಲ್ಲಿ ಒಂದು ಕಾಲಕ್ಕೆ ಗಂಡಸೊಬ್ಬನನ್ನು ಪರಿಚಯಿಸಲು ಒಂದು ಪದ ಸಾಕಾಗುತ್ತಿತ್ತು. ಚಾಂಪಿಯನ್ ರೀಫ್, ನಂದಿದುರ್ಗ, ಮೈಸೂರು ಮೈನ್. ಯಾವ ಗಣಿ ಎಂದರೆ ಅವನ ಕೆಲಸ, ಮನೆಯ ಲೈನು, ಸಂಬಳದ ದಿನ, ಬಾಂಧವ್ಯ ಎಲ್ಲ ತಿಳಿಯುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಾವಿರಾರು ಮನೆಗಳಿಗೆ ಸಂಬಳದ ಜೊತೆಗೆ ಆ ಒಂದು ಪದದ ಪರಿಚಯವೂ ಹೋಯಿತು. ಆಮೇಲೆ 2018ರಲ್ಲಿ ಊರಿನ ಹೆಸರಿನ ‘ಕೆ.ಜಿ.ಎಫ್.’ ಎಂಬ ಮೂರಕ್ಷರ ಸಿನಿಮಾ ಆಗಿ ದೇಶವೆಲ್ಲ ಕೂಗಿತು. ಆ ಹೆಸರಿನ ಟೀಶರ್ಟು ಎಲ್ಲೆಲ್ಲೋ ಮಾರಾಟವಾಯಿತು. ಊರಿನ ಮಕ್ಕಳು ಮಾತ್ರ ಬೆಳಕು ಹರಿಯುವ ಮೊದಲು ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಂಗಳೂರಿನ ರೈಲು ಹಿಡಿದು, ರಾತ್ರಿ ಅದೇ ದಾರಿಯಲ್ಲಿ ವಾಪಸಾಗುತ್ತಾರೆ. ಮಾಲೂರಿನಲ್ಲಿ ನಮ್ಮ ಹುಡುಗರು ಅದೇ ಬೋಗಿಗೆ ಹತ್ತುತ್ತಾರೆ. ಅತ್ತ ನರಸಾಪುರ, ವೇಮಗಲ್ಲಿನ ಕಾರ್ಖಾನೆಗಳ ಗೇಟುಗಳಲ್ಲಿ ಕೊರಳಿಗೆ ಟ್ಯಾಗು ಹಾಕಿಕೊಂಡು ಸಾಲು ನಿಲ್ಲುತ್ತಾರೆ. ಅಲ್ಲಿ ಯಾರೂ ಮೂಗು ನೋಡಿ ಅಪ್ಪನನ್ನು ಗುರುತಿಸುವುದಿಲ್ಲ. ಬೆಂಗಳೂರು ನಮ್ಮಿಂದ ಹುಡುಗರನ್ನು ತೆಗೆದುಕೊಂಡು, ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧ ಮಾಡಿದ ತನ್ನ ಕೊಳಚೆ ನೀರನ್ನು 2018ರಿಂದ ನಮ್ಮ ಕೆರೆಗಳಿಗೆ ಕಳಿಸುತ್ತಿದೆ. ಲೆಕ್ಕ ಸರಿಹೋಯಿತೋ ಇಲ್ಲವೋ, ಕೆರೆಗಳಂತೂ ತುಂಬಿವೆ.

ಹೀಗಿರುವಾಗ, ಗುರುತಿಸುವವರೇ ಇಲ್ಲದ ಕಡೆಗೆ ಹೋಗುವವನು ತನ್ನ ಗುರುತನ್ನು ತಾನೇ ಬರೆದುಕೊಳ್ಳದೆ ಏನು ಮಾಡಬೇಕು?

ಇನ್ನೊಂದು ಮಾತನ್ನು ನಮ್ಮಂಥವರು ಹೇಳುವುದು ಕಡಿಮೆ. ‘ಯಾರ ಮನೆ ಹುಡುಗ’ ಎಂಬ ಪ್ರಶ್ನೆಯನ್ನು ನಾನು ಇಷ್ಟು ಪ್ರೀತಿಯಿಂದ ನೆನೆಯಬಲ್ಲೆ, ಏಕೆಂದರೆ ಅದಕ್ಕೆ ಬರುವ ಉತ್ತರದಿಂದ ನನಗೆ ಎಂದೂ ನೋವಾಗಿಲ್ಲ. ಆ ಪ್ರಶ್ನೆಯ ಹೊಟ್ಟೆಯಲ್ಲಿ ‘ಯಾವ ಜನ’ ಎಂಬ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ. ಊರ ಹೊರಗಿನ ಕೇರಿಯ ಹುಡುಗನಿಗೆ ಬಸ್ಸಿಳಿದ ಕೂಡಲೇ ಸಿಗುತ್ತಿದ್ದ ಉತ್ತರ ಅವನ ತಾತನಿಗೆ ಸಿಕ್ಕದ್ದೇ. ಅವನು ಏನು ಓದಿದ, ಎಷ್ಟು ಬಲ್ಲ ಎಂಬುದಕ್ಕೆ ಬೆಂಚಿನ ಮೇಲೆ ಜಾಗವಿರಲಿಲ್ಲ. ನನ್ನ ಅಕ್ಕನ ಮಗನ ಸಹಪಾಠಿಯೊಬ್ಬ ಹಾಗೆ ಕೇರಿಯಿಂದ ಹೋದವನು. ಅವನ ಪುಟವನ್ನೂ ಹುಡುಗ ತೋರಿಸಿದ. ಅಪ್ಪನ ಹೆಸರಿಲ್ಲ, ಕೇರಿಯಿಲ್ಲ, ಕೋಟೂ ಇಲ್ಲ. ತಾನು ಮಾಡಿದ ಮೂರು ಕೆಲಸಗಳ ವಿವರ, ಅವುಗಳ ಚಿತ್ರ, ಕೊನೆಗೆ ತನ್ನ ಹೆಸರು. ತನ್ನ ಪರಿಚಯವನ್ನು ತಾನೇ ಬರೆದುಕೊಳ್ಳುವ ಅವಕಾಶ ಆ ಮನೆಯಲ್ಲಿ ಮೊದಲು ಸಿಕ್ಕಿದ್ದು ಅವನಿಗೇ ಇರಬೇಕು. ಅದನ್ನು ಓದುವಾಗ ನನಗೆ ನಗು ಬರಲಿಲ್ಲ. ಬ್ರಾಂಡು ಗಿಂಡು ಎಂದು ಹಾಸ್ಯ ಮಾಡುವ ಹಕ್ಕು ಊರಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಹಾಗಾದರೆ ಬರೆದುಕೊಳ್ಳಲಿ. ಪ್ರಶ್ನೆ ಇರುವುದು ಏನನ್ನು ಮತ್ತು ಯಾವಾಗ ಎಂಬುದರಲ್ಲಿ. ಹೆಸರು ಹಾಕಿಕೊಳ್ಳುವುದು ನಮ್ಮ ನಾಡಿನಲ್ಲಿ ಎಂದೂ ಪಾಪವಾಗಿರಲಿಲ್ಲ. ಹೊಯ್ಸಳರ ಶಿಲ್ಪಿಗಳು ಕಲ್ಲಿನ ಮೇಲೆ ರುಜು ಹಾಕುತ್ತಿದ್ದರು. 13ನೆಯ ಶತಮಾನದ ಸೋಮನಾಥಪುರದ ಗುಡಿಯ ಗೋಡೆಗಳಲ್ಲಿ ಹಲವು ಮೂರ್ತಿಗಳ ಪೀಠದ ಮೇಲೆ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರಿದೆ. ಎಷ್ಟೋ ಕಡೆ ಪೂರ್ತಿ ಬರೆಯುವ ಗೋಜಿಗೂ ಹೋಗದೆ ಚಿಕ್ಕದಾಗಿ ಕೆತ್ತಿದ್ದಾನೆ. ಮೂರ್ತಿ ಮೇಲೆ, ಹೆಸರು ಕೆಳಗೆ, ಕಾಲ ಬುಡದಲ್ಲಿ. ನಮ್ಮ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇವತ್ತಿಗೂ ಕಲ್ಲು ಕೆತ್ತುವ ಮನೆಗಳಿವೆ. ಎಲ್ಲೆಲ್ಲಿನ ಗುಡಿಗಳಿಗೋ ಅಲ್ಲಿಂದ ದೇವರು ಹೋಗುತ್ತಾರೆ. ಅಲ್ಲಿಗೆ ಹೋದ ಗಿರಾಕಿ ಶಿಲ್ಪಿಯ ಭಾಷಣ ಕೇಳುವುದಿಲ್ಲ. ಅಂಗಳದಲ್ಲಿ ಅರ್ಧ ಕೆತ್ತಿ ನಿಲ್ಲಿಸಿದ ಮೂರ್ತಿಯ ಬೆರಳು ನೋಡುತ್ತಾನೆ, ಮೂಗು ನೋಡುತ್ತಾನೆ, ಮುಂಗಡ ಕೊಡುತ್ತಾನೆ.

ಮಾಲೂರಿನ ಇಟ್ಟಿಗೆಗೂ ಹೆಸರಿದೆ. ಹಸಿ ಮಣ್ಣನ್ನು ಅಚ್ಚಿಗೆ ಹಾಕುವಾಗಲೇ ಗೂಡಿನ ಮಾಲೀಕನ ಅಕ್ಷರಗಳು ಮೂಡಿಬಿಡುತ್ತವೆ. ನಮ್ಮ ಹುಡುಗರ ಬ್ರಾಂಡೂ ಅಂಥದ್ದೇ, ಸುಡುವ ಮೊದಲೇ ಅಕ್ಷರ ಬಿದ್ದಿರುತ್ತದೆ. ಬೀಳಲಿ, ತಪ್ಪೇನಿಲ್ಲ. ಆದರೆ ಮೇಸ್ತ್ರಿ ಇಟ್ಟಿಗೆ ಕೊಳ್ಳುವಾಗ ಅಕ್ಷರ ಓದುತ್ತಾ ಕೂರುವುದಿಲ್ಲ. ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ಬಡಿದು ಶಬ್ದ ಕೇಳುತ್ತಾನೆ.

ಒಂದು ರಾತ್ರಿ ನಾನೂ ಹುಡುಗನೂ ಕೂತು ಅವನ ಪುಟವನ್ನು ತಿದ್ದಿದೆವು. ನಾನು ಒಂದೇ ನಿಯಮ ಹಾಕಿದೆ. ಬರೆದ ಪ್ರತಿ ಸಾಲನ್ನೂ ನಮ್ಮ ಟೀ ಅಂಗಡಿಯ ಬೆಂಚಿನವರ ಮುಂದೆ ಗಟ್ಟಿಯಾಗಿ ಓದಿದಂತೆ ಊಹಿಸಿಕೊಳ್ಳಬೇಕು. ಅವರು ನಕ್ಕರೆ ಆ ಸಾಲು ಹೋಯಿತು. ‘ಪ್ಯಾಷನೇಟ್’ ಮೊದಲ ಏಟಿಗೇ ಹೋಯಿತು. ‘ಡೈನಮಿಕ್’ ಹಿಂದೆಯೇ ಹೋಯಿತು. ‘ಟೀಮ್ ಪ್ಲೇಯರ್’ ಉಳಿಸಿಕೊಳ್ಳಲು ಹುಡುಗ ಬಹಳ ವಾದಿಸಿದ. ಬ್ಯಾಟಿನ ಪ್ರಸಂಗ ಎತ್ತಿದ ಮೇಲೆ ಸುಮ್ಮನಾದ. ಗಣಪತಿ ಚಂದಾ ಉಳಿಯಿತು, ಆದರೆ ಗಣಪತಿ ಚಂದಾ ಎಂದೇ ಉಳಿಯಿತು. ಜಗಳವಿಲ್ಲದೆ ಲೆಕ್ಕ ಒಪ್ಪಿಸಿದ್ದ ಎಂಬ ಮಾತು ಸೇರಿತು. ನಮ್ಮೂರಿನಲ್ಲಿ ಅದು ಸಣ್ಣ ಸಾಧನೆಯಲ್ಲ. ಡೈರಿಯ ಲೆಕ್ಕ ಬಂತು. ಮೋಟಾರಿನ ಸಾಧನ, ಅದನ್ನು ಹಾಕಿಸಿಕೊಂಡ ತೋಟಗಳು, ಮಳೆ ಬಂದಾಗ ಅದು ಕೆಟ್ಟದ್ದೇಕೆ, ಆಮೇಲೆ ಸರಿಪಡಿಸಿದ್ದು ಹೇಗೆ ಎಂಬುದೆಲ್ಲ ಬಂತು. ಕೆಟ್ಟದ್ದನ್ನು ಯಾಕೆ ಹೇಳಬೇಕೆಂದು ಅವನು ಕೇಳಿದ. ಎಲ್ಲ ಮೊದಲ ಸಲಕ್ಕೇ ಸರಿಹೋಯಿತು ಎಂದರೆ ಬೆಂಚಿನವರು ನಂಬುವುದಿಲ್ಲ ಎಂದೆ. ಕೊನೆಗೆ ಸ್ಥಳದ ಮುಂದೆ ಮಾಸ್ತಿ, ಕೋಲಾರ ಜಿಲ್ಲೆ ಎಂದು ಹಾಕಿದ. ಇಷ್ಟಕ್ಕೆ ಪುಟ ಅರ್ಧದಷ್ಟು ಕುಗ್ಗಿತ್ತು. “ತುಂಬಾ ಖಾಲಿ ಕಾಣ್ತದೆ ಮಾಮ” ಎಂದು ಅವನು ಮುಖ ಸಣ್ಣ ಮಾಡಿದ.

ಕೆಲಸ ಸಿಕ್ಕಿತೇ ಎಂದು ಕೇಳುತ್ತೀರಿ. ಸಿಕ್ಕಿತು, ತಡವಾಗಿ. ಅದರ ಕೀರ್ತಿಯನ್ನು ನಾನು ತೆಗೆದುಕೊಳ್ಳುವಂತಿಲ್ಲ. ಪಂಪುಗಳಿಗೆ ನಿಯಂತ್ರಣ ಸಾಧನ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಅವನ ಕಾಲೇಜಿನ ಸೀನಿಯರ್ ಒಬ್ಬ ಇದ್ದ. ಅವನು ಮೋಟಾರಿನ ವಿಷಯ ಓದಿ, ಈ ಹುಡುಗ ಲ್ಯಾಬಿನಲ್ಲಿ ಕೆಟ್ಟ ಯಂತ್ರಗಳ ಮುಂದೆ ಕೂತಿರುತ್ತಿದ್ದುದನ್ನು ನೆನಪು ಮಾಡಿಕೊಂಡು, ತನ್ನ ಮೇಲಿನವರಿಗೆ ಒಂದು ಮಾತು ಹೇಳಿದ. ಪುಟ ಬಾಗಿಲು ತಟ್ಟಿತು, ಬಾಗಿಲು ತೆಗೆದದ್ದು ಗೊತ್ತಿದ್ದವನ ಮಾತು. ಮೊನ್ನೆ ಪಕ್ಕದ ಮನೆಯಾಕೆ ನಮ್ಮಮ್ಮನನ್ನು “ಅಬ್ಬಾಯಿ ಏಂ ಚೇಸ್ತಾಡು?” (ಹುಡುಗ ಏನು ಮಾಡ್ತಾನೆ?) ಎಂದು ತೆಲುಗಿನಲ್ಲಿ ಕೇಳಿದರು. “ಮೋಟ್ರು ಕೆಲಸ” ಎಂದು ನಮ್ಮಮ್ಮ ಕನ್ನಡದಲ್ಲಿ ಹೇಳಿದಳು. ಊರಿನಲ್ಲಿ ಅವನೀಗ ‘ಮೋಟ್ರು ಹುಡುಗ’. ಇಂಗ್ಲಿಷಿನಲ್ಲಿ ಅವನ ಹುದ್ದೆಯ ಹೆಸರು ಒಂದು ಸಾಲು ಉದ್ದವಿದೆ.

ಆ ಪುಟದಲ್ಲಿ ಬೇರೆಯವರು ನಮ್ಮ ಬಗ್ಗೆ ಬರೆಯಲೂ ಒಂದು ಜಾಗವಿದೆಯೆಂದು ನನಗೆ ಆಮೇಲೆ ತಿಳಿಯಿತು. ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರ ಪುಟಗಳಲ್ಲಿ ಆ ಜಾಗ ಖಾಲಿ. ತಮ್ಮನ್ನು ತಾವೇ ಹೊಗಳಿಕೊಳ್ಳುವ ಮುಜುಗರದ ಕೆಲಸವನ್ನು ಅವರಿಗೆ ಬಿಟ್ಟು, ಅವರನ್ನು ಹತ್ತಿರದಿಂದ ಬಲ್ಲ ನಾವು ಬೆಂಚಿನ ಮೇಲೆ ಕೂತು ನಗುತ್ತಿದ್ದೇವೆ. ಓದಿಸಿದ ಮೇಷ್ಟ್ರು, ಲೆಕ್ಕ ಬರೆಸಿಕೊಂಡ ಡೈರಿ ಸೆಕ್ರೆಟರಿ, ಮೋಟಾರು ಸರಿಮಾಡಿಸಿಕೊಂಡ ತೋಟದವರು, ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದವರು, ಇವರೆಲ್ಲ ಎರಡೆರಡು ಸಾಲು ಬರೆದರೆ ಹುಡುಗರಿಗೆ ಕೋಟು ಬಾಡಿಗೆಗೆ ತರುವ ಪ್ರಮೇಯ ಬರುವುದಿಲ್ಲ. ನಾನು ನಮ್ಮ ಹುಡುಗನ ಆ ಸಹಪಾಠಿಗೆ ಬರೆದುಕೊಟ್ಟಿದ್ದೇನೆ, ಪಿ.ಯು. ರಜೆಯಲ್ಲಿ ನಮ್ಮ ಮನೆಯ ವೈರಿಂಗ್ ಪೂರ್ತಿ ಮಾಡಿದವನು ಅವನು, ಇವತ್ತಿಗೂ ಒಂದು ಸ್ವಿಚ್ಚು ಕೆಟ್ಟಿಲ್ಲ. ನಿಮಗೂ ಅಂಥ ಒಬ್ಬನೋ ಒಬ್ಬಳೋ ಗೊತ್ತಿರಲೇಬೇಕು. ದಯವಿಟ್ಟು ಈ ವಾರವೇ ಕೂತು ಎರಡು ಸಾಲು ಬರೆದುಕೊಡಿ. ಯಾರ ಮನೆಯವರು ಎಂಬುದನ್ನು ಬಿಟ್ಟು, ಏನು ಮಾಡಬಲ್ಲರು ಎಂಬುದನ್ನು ಬರೆಯಿರಿ.